ಒಂದು ತುದಿ ಹಿಡ್ಕೊಳ್ಳಿ

ನಮ್ಮ ಸ್ಕೂಲಿನ ಗ್ರೌಂಡಿಗೆ ಕಾಂಪೌಂಡ್ ಗೋಡೆ ಇರಲಿಲ್ಲ. ಇದ್ದಿದ್ದರೆ ಒಬ್ಬರ ಕಾಲು ಉಳಿಯುತ್ತಿತ್ತು, ಇನ್ನೊಬ್ಬರ ಕೆಲಸ ಉಳಿಯುತ್ತಿತ್ತು, ನನಗೂ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಹೋದ ತಿಂಗಳು ತೀರಿಕೊಂಡ ನಮ್ಮ ಪಿ.ಟಿ. ಸರ್ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೂ ಬಹಳ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಮಕ್ಕಳಿಗೂ ಮಕ್ಕಳ ಅಜ್ಜಿಯರಿಗೂ ಅವರು ಬರೀ ಪಿ.ಟಿ. ಸರ್. ಹೊಸಕೆರೆಹಳ್ಳಿಯ ಹಳೆಯ ಮನೆತನ. ಕೆರೆಯ ಕೆಳಗೆ ಅವರ ತಂದೆ ಸೊಪ್ಪು ಬೆಳೆಯುತ್ತಿದ್ದರಂತೆ. ಅಲ್ಲಿಂದ ಜಯನಗರದವರೆಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ತೆಳ್ಳನೆಯ ಆಳು, ಬಿಳಿ ಕ್ಯಾನ್ವಾಸ್ ಶೂ, ಶೂ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಸೀಟಿ. ಅವರು ಒಂದು ಮಗುವಿನ ಮೇಲೂ ಕೈ ಮಾಡಿದ್ದನ್ನು ನಾನು ನೋಡಿಲ್ಲ. ಅವರ ಅತಿ ದೊಡ್ಡ ಬೈಗುಳ, "ಲೋ, ಸೋಂಬೇರಿ ಮಹಾರಾಜ!"

ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳ ಪ್ರಕಾರ ಗೇಮ್ಸ್ ಅಂದರೆ ವಾರಕ್ಕೆರಡು ಪೀರಿಯಡ್ ನೆಟ್‌ಬಾಲ್, ಮೊಣಕಾಲಿನವರೆಗೆ ಸಾಕ್ಸ್, ನೋ ಷೌಟಿಂಗ್. ಇಲ್ಲಿಗೆ ಇಂಗ್ಲಿಷ್ ಟೀಚರಾಗಿ ಬಂದು ಈ ಗ್ರೌಂಡ್ ನೋಡಿದಾಗ ನಿಜವಾಗಿ ಶಾಕ್ ಆಯಿತು. ಒಂದು ಕಡೆ ಜಯನಗರದ ಮನೆಗಳು, ಇನ್ನೊಂದು ಕಡೆ ತಿಲಕ್ ನಗರದ ಗಲ್ಲಿಗಳು, ನಡುವೆ ಈ ಬಯಲು. ಆ ಕಡೆಯಿಂದ ಈ ಕಡೆಯ ಬಸ್ ಸ್ಟಾಪಿಗೆ ಹೋಗುವವರೆಲ್ಲ ಮೂಲೆಯಿಂದ ಮೂಲೆಗೆ ಅಡ್ಡ ಹಾಯುತ್ತಿದ್ದರು. ನಡೆದೂ ನಡೆದೂ ಒಂದು ಕಾಲುದಾರಿ ಬೆಳ್ಳಗೆ ಸವೆದಿತ್ತು. ಹೂವಿನ ಬುಟ್ಟಿ, ಟಿಫನ್ ಕ್ಯಾರಿಯರ್, ಗ್ಯಾಸ್ ಸಿಲಿಂಡರ್, ಎಲ್ಲ ನಮ್ಮ ಲಾಂಗ್ ಜಂಪ್ ಪಿಟ್ಟಿನ ಪಕ್ಕದಲ್ಲೇ ಹಾದು ಹೋಗುತ್ತಿದ್ದವು.

ಬೇರೆ ಮೇಷ್ಟ್ರಾಗಿದ್ದರೆ ಬೈದು ಓಡಿಸುತ್ತಿದ್ದರು. ಇವರು ಅದಕ್ಕೊಂದು ಸುಂಕ ಹಾಕಿದ್ದರು.

"ಗ್ರೌಂಡ್ ದಾಟ್ತೀರಾ? ಬನ್ನಿ, ಒಂದು ತುದಿ ಹಿಡ್ಕೊಳ್ಳಿ."

ಅಳತೆಯ ಟೇಪಿನ ಒಂದು ತುದಿ. ಯಾರಾದರೂ ಸರಿ, ನಿಂತು ಹಿಡಿಯಬೇಕು, ಒಂದು ಮಗು ಹಾರಿದ್ದನ್ನೋ ಎಸೆದದ್ದನ್ನೋ ಅಳೆದು ಬಾಯಿಬಿಟ್ಟು ಹೇಳಬೇಕು, ಆಮೇಲೆ ತಮ್ಮ ದಾರಿ ಹಿಡಿಯಬಹುದು.

ತಿಲಕ್ ನಗರದ ನಾಗರಾಜ್ ಅಂತ ಒಬ್ಬರು ಬ್ಯಾಂಕ್ ಕ್ಲರ್ಕ್. ದಿನಾ ಗೋಳು.

"ಸಾರ್, ನನ್ ಬಸ್ ಬರೋ ಟೈಮು!"

"ಬಸ್ಸು ದಿನಾ ಬರತ್ತೆ ಕಣ್ರೀ. ಈ ಪುಟ್ಟಿ ಇಷ್ಟು ದೂರ ಹಾರಿರೋದು ಇವತ್ತೇ ಫಸ್ಟು. ಎಷ್ಟಿದೆ ನೋಡಿ ಹೇಳಿ."

"ಹನ್ನೆರಡು ಅಡಿ... ಎರಡಿಂಚು."

"ಜೋರಾಗಿ! ಹೆಂಡ್ತಿ ಮುಂದೆ ಮಾತಾಡೋ ಹಾಗೆ ಯಾಕ್ರೀ ಪಿಸುಗುಡ್ತೀರಾ?"

"ಹನ್ನೆರಡು ಅಡಿ ಎರಡಿಂಚು!" ನಾಗರಾಜ್ ಕಿರುಚಿ, ಚಪ್ಪಲಿ ಎತ್ತಿಕೊಂಡು ಬಸ್ಸಿಗೆ ಓಡುವರು. ಆದರೆ ಮಾರನೆಯ ದಿನ ಅವರೇ ನಿಂತು ಕೇಳುವರು, "ಎಲ್ಲಿ ಸಾರ್, ನಮ್ ಹನ್ನೆರಡೂವರೆ ಅಡಿ ಹುಡುಗಿ?"

"ಹನ್ನೆರಡೂವರೆ ಎಲ್ರೀ, ನೀವೇ ತಾನೆ ಎರಡಿಂಚು ಅಂದಿದ್ದು?"

"ನಾಲ್ಕಿಂಚು ನನ್ ಆಶೀರ್ವಾದ ಅಂತ ಇಟ್ಕೊಳ್ಳಿ."

ಹೀಗೆ ಊರಿಗೆ ಊರೇ ನಮ್ಮ ಮಕ್ಕಳ ಅಳತೆ ಬಲ್ಲದಾಯಿತು. ಸ್ಪೋರ್ಟ್ಸ್ ಡೇ ದಿನ ಇನ್ವಿಟೇಷನ್ ಕಾರ್ಡು ಬೇಕಿರಲಿಲ್ಲ. ಎರಡೂ ಕಡೆಯ ಜನ ತಾವು ಅಳೆದ ಮಕ್ಕಳನ್ನು ನೋಡಲು ಬರುತ್ತಿದ್ದರು. ಓಟದಲ್ಲಿ ಕೊನೆಯ ಮಗು ಗೆರೆ ಮುಟ್ಟುವವರೆಗೆ ಸರ್ ಸೀಟಿ ಊದುತ್ತಿರಲಿಲ್ಲ. "ರೇಸ್ ಇನ್ನೂ ಮುಗಿದಿಲ್ಲ, ಚಪ್ಪಾಳೆ!" ಅಂತ ಕೂಗುವರು. ಫಸ್ಟ್ ಬಂದವರಿಗಿಂತ ದೊಡ್ಡ ಚಪ್ಪಾಳೆ ಆ ಕೊನೆಯ ಮಗುವಿಗೆ ಬೀಳುತ್ತಿತ್ತು. ಸ್ಪೋರ್ಟ್ಸ್‌ಮನ್‌ಷಿಪ್ ಅನ್ನುವ ಮಾತನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆಸಿದ್ದೆ. ಕಣ್ಣಿಂದ ನೋಡಿದ್ದು ಇಲ್ಲಿ.

ಅದರ ಬೆಲೆ ತಿಳಿದದ್ದು ಕಾವೇರಿ ಗಲಾಟೆಯ ವಾರ. ಮಧ್ಯಾಹ್ನವೇ ಅಂಗಡಿಗಳ ಷಟರ್ ಇಳಿದಿತ್ತು, ಬಸ್ ನಿಂತಿತ್ತು. ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳು ಬೆಂಚು ಬಿಟ್ಟು ಏಳಲೇ ಇಲ್ಲ. ನಾವು ಟೀಚರ್‌ಗಳು ವರಾಂಡದಲ್ಲಿ ಕೈ ಹಿಸುಕಿಕೊಂಡು ನಿಂತಿದ್ದಾಗ ಆ ಕಾಲುದಾರಿಯಲ್ಲಿ ಒಬ್ಬೊಬ್ಬರೇ ಬಂದರು. ನಾಗರಾಜ್, ಹೂ ಮಾರುವಾಕೆ, ಗ್ಯಾರೇಜಿನವರು. ಯಾರೂ ಅವರನ್ನು ಕರೆದಿರಲಿಲ್ಲ. "ನನ್ ಹತ್ರ ನಾಲ್ಕು ಮಕ್ಕಳನ್ನ ಕೊಡಿ ಸಾರ್," "ನಂಗೆ ಆ ಹೈ ಜಂಪ್ ಹುಡುಗನ ಮನೆ ಗೊತ್ತು." ಮಕ್ಕಳ ಕೈ ಹಿಡಿದು ಮನೆ ಮುಟ್ಟಿಸಿದರು. ಸರ್ ಲಿಸ್ಟ್ ಹಿಡಿದು ಟಿಕ್ ಹಾಕುತ್ತಿದ್ದರು. ಟಿಕ್ ಹಾಕುವಾಗ ಪೇಪರನ್ನು ಮುಖದ ಮುಂದೆ ನೆಟ್ಟಗೆ ಹಿಡಿದುಕೊಳ್ಳುತ್ತಿದ್ದುದು ನನಗೆ ನೆನಪಿದೆ. ಆಗ ಅದರ ಅರ್ಥ ಆಗಿರಲಿಲ್ಲ.

ಆಮೇಲಾಮೇಲೆ ಸಣ್ಣ ಸಣ್ಣದು ಶುರುವಾಯಿತು. ಸೈಕಲ್ ಬಿಟ್ಟು ಬಸ್ಸಿಗೆ ಬರತೊಡಗಿದರು. ಮೊಣಕಾಲು ನೋವು ಅಂದರು. ಸ್ಟಾಫ್ ರೂಮಿನಲ್ಲಿ ಎಡಗಡೆಯಿಂದ ಯಾರೋ ಚಾಚಿದ ಟೀ ಲೋಟವನ್ನು ತೋಳಿನಿಂದ ತಟ್ಟಿ ಕೆಡವಿದರು. ರಿಲೇ ಪ್ರಾಕ್ಟೀಸಿನಲ್ಲಿ ಓಡುತ್ತಿದ್ದ ಹುಡುಗನೊಬ್ಬ ಪಕ್ಕದಿಂದ ಬಂದು ಗುದ್ದಿದಾಗ, ಅವರು ತಿರುಗಿ ಬಾವುಟದ ಕಂಬಕ್ಕೆ ಸಾರಿ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಜೋಕ್ ಮಾಡುವ ಮನುಷ್ಯ, ಇದೂ ಒಂದು ಜೋಕ್ ಅಂದುಕೊಂಡೆವು.

ಒಂದು ಶನಿವಾರ ನಮ್ಮ ಯಜಮಾನರ ಕ್ಯಾಟರಾಕ್ಟ್ ತೋರಿಸಲು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಬೆಂಚಿನ ಕೊನೆಯಲ್ಲಿ, ಡ್ರಾಪ್ಸ್ ಹಾಕಿಸಿಕೊಂಡು ತಲೆ ಗೋಡೆಗೆ ಆನಿಸಿ ಕೂತಿದ್ದವರು ನಮ್ಮ ಸರ್. ನಾನು ಪಕ್ಕದಲ್ಲಿ ಹೋಗಿ ನಿಂತೆ. ಗೊತ್ತೇ ಆಗಲಿಲ್ಲ. ಎದುರಿಗೆ ಹೋಗಿ ನಿಂತಾಗ ಬೆಚ್ಚಿ ಎದ್ದರು.

"ಗ್ಲಾಕೋಮಾ ಮೇಡಂ," ಅಂದರು. "ನೇರಕ್ಕೆ ಕಾಣತ್ತೆ. ಪೈಪ್‌ನಲ್ಲಿ ನೋಡಿದ ಹಾಗೆ. ಅಕ್ಕಪಕ್ಕ ಹೋಗ್ಬಿಟ್ಟಿದೆ. ಹೋಗಿದ್ದು ವಾಪಸ್ ಬರಲ್ವಂತೆ."

"ಗ್ರೌಂಡಲ್ಲಿ ಹೇಗೆ ಮ್ಯಾನೇಜ್ ಮಾಡ್ತೀರಿ?"

"ಜನ ಇದಾರಲ್ಲ ಮೇಡಂ." ಕೆನ್ನೆಗೆ ಇಳಿದ ಡ್ರಾಪ್ಸ್ ಒರೆಸಿಕೊಂಡು, "ರಿಟೈರ್ ಆಗೋಕೆ ಎರಡೇ ವರ್ಷ. ನೀವು ಯಾರಿಗೂ ಹೇಳ್ಬೇಡಿ. ನಿಮಗೆ ಕೈ ಮುಗೀತೀನಿ."

ಪ್ರಾಮಿಸ್ ಅಂದೆ. ನಮ್ಮ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ನನ್ನ ಮೈಗೆ ಹತ್ತಿದ್ದು ಅದೊಂದೇ, ಕೊಟ್ಟ ಮಾತು ಮುರಿಯುವುದು ಸಿನ್, ಪಾಪ. ಜೊತೆಗೆ ಒಂದು ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ಇಡೀ ಸ್ಕೂಲಿನಲ್ಲಿ ಅವರ ಕಷ್ಟ ಗೊತ್ತಿರುವವಳು ನಾನೊಬ್ಬಳೇ ಎಂದು.

ಅಂದಿನಿಂದ ಗ್ರೌಂಡಿನ ಒಂದೊಂದು ಆಟವನ್ನೂ ಲೆಕ್ಕ ಹಾಕತೊಡಗಿದೆ. ಲಾಂಗ್ ಜಂಪ್ ಪರವಾಗಿಲ್ಲ, ಓಟ ಪರವಾಗಿಲ್ಲ. ಆದರೆ ಶಾಟ್‌ಪುಟ್. ನಾಲ್ಕು ಕೆ.ಜಿ. ಕಬ್ಬಿಣದ ಗುಂಡು ಹಸಿ ನೆಲಕ್ಕೆ ಬೀಳುವ ಸದ್ದು ನನ್ನ ಕ್ಲಾಸ್ ರೂಮಿಗೆ ಕೇಳುತ್ತಿತ್ತು. ಪಾಠ ಮಾಡುತ್ತ ಮಾಡುತ್ತ ನಾನು ಆ ಸದ್ದಿಗೆ ಕಾಯುತ್ತಿದ್ದೆ. ಧಪ್. ಸದ್ಯ, ನೆಲ. ಇನ್ನೊಂದು ಸಲ ಧಪ್. ನೆಲವೇ. ಗುಂಡು ಬೀಳುವ ಜಾಗಕ್ಕೆ ಆ ಕಾಲುದಾರಿ ಎಡಗಡೆಯಿಂದ ಬಂದು ಸೇರುತ್ತಿತ್ತು. ಸರ್‌ಗೆ ಎಡಗಡೆ ಇರಲಿಲ್ಲ.

ಆ ವರ್ಷ ಗುಂಡು ಎಸೆಯುವವಳು ಶಬಾನಾ. ಹತ್ತನೇ ಕ್ಲಾಸು, ಗ್ಯಾರೇಜ್ ಮೆಕ್ಯಾನಿಕ್ ಮಗಳು. ಇಂಟರ್ ಸ್ಕೂಲ್ ಮೀಟಿಗೆ ಸೆಲೆಕ್ಟ್ ಆಗಿದ್ದಳು, ನಮ್ಮ ಸ್ಕೂಲಿನಿಂದ ಅಲ್ಲಿಗೆ ಹೋಗುವ ಮೊದಲ ಹುಡುಗಿ. ಎಸೆಯುವವರು ಮೈದಾನಕ್ಕೆ ಬೆನ್ನು ಮಾಡಿ ನಿಂತು, ಬಗ್ಗಿ, ಹಿಂದಕ್ಕೆ ಜಾರಿ, ತಿರುಗಿ ಎಸೆಯಬೇಕು. ಗುಂಡು ಕೈ ಬಿಡುವವರೆಗೆ ಎದುರಿಗೆ ಏನಿದೆ ಅಂತ ಅವರಿಗೆ ಕಾಣುವುದಿಲ್ಲ. ನಂಬುವುದು ಸೀಟಿಯನ್ನು.

ಇನ್ನೊಬ್ಬರನ್ನು ಹೇಳಬೇಕು, ನಮ್ಮ ಆಯಾ ಮುನಿಯಮ್ಮ. ಪ್ರಾಕ್ಟೀಸ್ ಸಮಯದಲ್ಲಿ ಪೊರಕೆ ಮೂಲೆಗಿಟ್ಟು ಗ್ರೌಂಡಿಗೆ ಬಂದುಬಿಡುವಳು. ಸರ್‌ನ ಎಡಕ್ಕೆ, ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲುವಳು. ಒಮ್ಮೆ ನೋಡಿದೆ, ಆಕೆಯ ಕೈ ಸರ್‌ನ ಷರ್ಟಿನ ತೋಳಿನ ಮೇಲಿತ್ತು. ಎರಡು ಬೆರಳಲ್ಲಿ ಬಟ್ಟೆ ಹಿಡಿದುಕೊಂಡಿದ್ದಳು. ನನಗೆ ಮುಜುಗರವಾಯಿತು. ಐವತ್ತಾರರ ಗಂಡಸು, ವಿಧವೆ ಆಯಾ, ಇಷ್ಟು ಮಕ್ಕಳ ಎದುರು. ನಾಟ್ ಡನ್ ಅನಿಸಿತು. ಯಾರಿಗೂ ಹೇಳಲಿಲ್ಲ, ಆದರೆ ತಲೆಯಲ್ಲಿ ಕೂತಿತ್ತು.

ಸ್ಪೋರ್ಟ್ಸ್ ಡೇ ಬೆಳಿಗ್ಗೆ ಮೋಡ ಮುಚ್ಚಿತ್ತು. ಗಾಳಿ ಇಲ್ಲ. ಬಣ್ಣದ ಬಾವುಟಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಎರಡೂ ಕಡೆಯ ಜನ ಸೇರಿದ್ದರು. ನಾನು ಮೊದಲೇ ಪ್ಲ್ಯಾನ್ ಮಾಡಿದ್ದೆ, ಶಾಟ್‌ಪುಟ್ ಆಗುವಾಗ ಸರ್ ಪಕ್ಕದಲ್ಲಿ ನಿಂತು ನಾನೇ ಎಲ್ಲ ನೋಡಿಕೊಳ್ಳುವುದು ಅಂತ. ಹೋಗಿ ಬಲಕ್ಕೆ ನಿಂತೆ. ಎಡಕ್ಕೆ ಮುನಿಯಮ್ಮ ಆಗಲೇ ನಿಂತಿದ್ದಳು, ಎರಡು ಬೆರಳು ತೋಳಿನ ಮೇಲೆ. ನನ್ನ ಹಿಂದೆಯೇ ಸೋಫಾದ ಮೇಲೆ ಚೀಫ್ ಗೆಸ್ಟ್, ಯಾರೋ ರಿಟೈರ್ಡ್ ಆಫೀಸರ್, ಅವರ ಪಕ್ಕದಲ್ಲಿ ಫೋಟೋಗ್ರಾಫರ್ ಬೇರೆ. ಮೈಕು ಒದರುತ್ತಿತ್ತು, ಸರ್ ಬೆನ್ನ ಹಿಂದಿನಿಂದ ಬಾಗಿ ಆಕೆಗೆ ಮಾತ್ರ ಕೇಳುವಂತೆ ಅಂದೆ.

"ಮುನಿಯಮ್ಮ, ಇಲ್ಲೇನು ಕೆಲಸ ನಿಂಗೆ? ಹೋಗು, ಚೀಫ್ ಗೆಸ್ಟ್‌ಗೆ ಕಾಫಿ ತಗೊಂಡ್ ಬಾ."

"ಈ ಐಟಮ್ ಒಂದು ಆಗ್ಲಿ ಮೇಡಂ, ಓಡ್ ಹೋಗಿ ತರ್ತೀನಿ."

"ಈಗ್ಲೇ ಹೋಗು ಅಂದೆ."

ಆಕೆ ಸರ್ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಸಾರ್, ಬಂದೆ ಇರಿ," ಅಂತ ಮೆಲ್ಲಗೆ ಅಂದದ್ದು ಮೈಕಿನ ಗದ್ದಲದಲ್ಲಿ ಮುಳುಗಿತು. ಬೆರಳು ತೆಗೆದು ಹೋದಳು.

ಶಬಾನಾ ಮೈದಾನಕ್ಕೆ ಬೆನ್ನು ಹಾಕಿ ನಿಂತಳು. ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡಳು. ಆಗಲೇ ಚೀಫ್ ಗೆಸ್ಟ್ ನನ್ನ ಕಡೆ ಬಾಗಿ ಕೇಳಿದರು, "ವಿಚ್ ಹೌಸ್ ಈಸ್ ಷಿ, ಮೇಡಂ?" ನಾನು ತಿರುಗಿ, "ಬ್ಲೂ ಹೌಸ್, ಸರ್," ಅಂದೆ. ಅಷ್ಟೇ ಹೊತ್ತು. ಹಿಂದೆ ಸೀಟಿ ಕೇಳಿಸಿತು.

ಈ ಸಲ ಧಪ್ ಅನ್ನುವ ಸದ್ದು ಬರಲಿಲ್ಲ. ಬೇರೆ ಸದ್ದು ಬಂತು.

ಹಿಂದಿನ ಎಸೆತವನ್ನು ಅಳೆಯಲು ಯಾರೂ ಕಾಣದೆ, ನಾಗರಾಜ್ ತಾವೇ ಟೇಪಿನ ತುದಿ ಹಿಡಿಯೋಣವೆಂದು ಎಡಗಡೆಯ ಕಾಲುದಾರಿಯಿಂದ ಒಳಗೆ ಬಂದಿದ್ದರು. ಗುಂಡು ಅವರ ಬಲಪಾದದ ಮೇಲೆ ಬಿದ್ದಿತ್ತು. ಅವರು ಕೂಗಲೂ ಇಲ್ಲ. ಕೂತುಕೊಂಡು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಸುತ್ತ ಕೂತಿದ್ದವರೆಲ್ಲ ಎದ್ದು ನಿಂತರು. ಸರ್ ಮಾತ್ರ ನೆಟ್ಟಗೆ ಎದುರು ನೋಡುತ್ತ, ಆತುರದಿಂದ ಕೇಳಿದರು, "ಎಷ್ಟು ಬಂತು? ಯಾರಾದ್ರೂ ಅಳೀರಪ್ಪ. ಎಷ್ಟು ಬಂತು?"

ಮಾರನೆಯ ದಿನದಿಂದ ಇಡೀ ಬಡಾವಣೆ ಸರ್‌ನ ಕಾಯಲು ನಿಂತಿತು. ಆಸ್ಪತ್ರೆಯಿಂದ ನಾಗರಾಜ್ ಹೇಳಿ ಕಳಿಸಿದರು, "ನಂದೇ ತಪ್ಪು, ಸೀಟಿ ಕೇಳಿದ್ರೂ ದಾಟಿದೆ." ಹೂವಿನಾಕೆ ಬಂದು, ತಾನು ನೋಡಿದೆ, ಸರ್ ಕೈ ಅಡ್ಡ ಹಿಡಿದಿದ್ದರು ಎಂದಳು. ಹೀಗೆ ಬಾಯಿಂದ ಬಾಯಿಗೆ ಹೋಗುತ್ತಾ, ಯಾರು ಮೊದಲು ಅಂದರೋ ಗೊತ್ತಿಲ್ಲ, ಹುಡುಗಿ ಸೀಟಿಗೆ ಮುಂಚೆಯೇ ಎಸೆದಳು ಎಂದಾಯಿತು. ಯಾರಿಗೂ ಶಬಾನಾ ಮೇಲೆ ದ್ವೇಷವಿರಲಿಲ್ಲ. ಸರ್ ಉಳಿಯಬೇಕಾದರೆ ಏನಾದರೊಂದು ಬೇಕಿತ್ತು. ಅವಳು ಸಿಕ್ಕಳು. ಅವಳ ತಂದೆ ಗ್ಯಾರೇಜಿನ ಬಟ್ಟೆಯಲ್ಲೇ ಬಂದು ಹೆಡ್‌ಮಿಸ್ಟ್ರೆಸ್ ರೂಮಿನ ಹೊರಗೆ ನಿಂತರು. ಹುಡುಗಿ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ ಅಂದರು.

ವಿಚಾರಣೆಗೆ ನಮ್ಮನ್ನೆಲ್ಲ ಕರೆದರು. ಸರ್ ಎದ್ದು ನಿಂತು, "ಸೀಟಿ ನಾನೇ ಊದಿದ್ದು. ಆಮೇಲೇ ಅವಳು ಎಸೆದಿದ್ದು. ತಪ್ಪು ನಂದು," ಅಂದರು.

ಹೆಡ್‌ಮಿಸ್ಟ್ರೆಸ್ ಮರುಕದಿಂದ ತಲೆ ಆಡಿಸಿದರು. "ನೀವು ಯಾವಾಗ್ಲೂ ಮಕ್ಕಳನ್ನ ಬಿಟ್ಟುಕೊಡಲ್ಲ. ಕೂತ್ಕೊಳ್ಳಿ ಸರ್. ಎದುರಿಗೇ ಮನುಷ್ಯ ಬರ್ತಿದ್ರೆ ನೀವು ಸೀಟಿ ಊದ್ತೀರಾ? ಯಾರಾದ್ರೂ ನಂಬ್ತಾರಾ?" ಎಂದು, ಶಬಾನಾ ಹೆಸರನ್ನು ಮೀಟಿನಿಂದ ತೆಗೆಯುವ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು.

ಸರ್ ಬಾಯಿ ತೆರೆದರು. ಆ ಒಂದು ಮಾತು ಅವರಿಂದ ಬರಲೇ ಇಲ್ಲ. ಕಾದೆ. ಪೆನ್ನಿನ ಮುಚ್ಚಳ ತೆಗೆದದ್ದಾಯಿತು.

"ಅವರಿಗೆ ಪಕ್ಕದಲ್ಲಿರೋದು ಕಾಣಲ್ಲ," ಎಂದೆ. "ಗ್ಲಾಕೋಮಾ. ನನಗೆ ಒಂದು ವರ್ಷದಿಂದ ಗೊತ್ತು."

ಆ ರೂಮಿನಲ್ಲಿ ಎಲ್ಲರೂ ನನ್ನನ್ನು ನೋಡಿದರು. ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಮುನಿಯಮ್ಮನೂ ನೋಡಿದಳು. ನಾನು ಹೇಳಿದ್ದು ಅಷ್ಟೇ. ಆಕೆಯನ್ನು ಅಲ್ಲಿಂದ ಕಳಿಸಿದ್ದು ನಾನು ಅನ್ನುವುದನ್ನು ಹೇಳಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಆಗ ಕೇಳಿಕೊಂಡೆ. ಕೇಳಿಕೊಂಡು, ಉತ್ತರ ಬರುವ ಮೊದಲೇ ಬೇರೆ ಕಡೆ ನೋಡಿದೆ.

ಶಬಾನಾ ಮೀಟಿಗೆ ಹೋದಳು. ಸರ್ ಆ ವಾರವೇ ರಾಜೀನಾಮೆ ಕೊಟ್ಟರು. ಹೋಗುವ ಮುನ್ನ ಸ್ಟಾಫ್ ರೂಮಿಗೆ ಬಂದು, ನನ್ನ ಎದುರಿಗೆ ಸರಿಯಾಗಿ ನಿಂತು, "ನೀವು ಮಾಡಿದ್ದು ಸರಿ ಮೇಡಂ. ನಂಗೇ ಧೈರ್ಯ ಸಾಲ್ಲಿಲ್ಲ," ಅಂದರು. ಅಷ್ಟು ಗೌರವವನ್ನು ನನಗೆ ಬೇರೆ ಯಾರೂ ಕೊಟ್ಟಿಲ್ಲ. ಬಡಾವಣೆಯವರು ಮಾತ್ರ ನನ್ನನ್ನು ಕ್ಷಮಿಸಲಿಲ್ಲ. ಹೂವಿನಾಕೆ ನನಗೆ ಮೊಳ ಹಾಕುವಾಗ ಮುಖ ಎತ್ತುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಗೋಡೆ ಎದ್ದಿತು, ಮೇಲೆ ಗಾಜಿನ ಚೂರು. ಜನ ರಸ್ತೆ ಸುತ್ತಿ ಬಸ್ ಸ್ಟಾಪಿಗೆ ಹೋಗತೊಡಗಿದರು. ಸ್ಪೋರ್ಟ್ಸ್ ಡೇಗೆ ಕಾರ್ಡು, ಪ್ರತಿ ಮಗುವಿಗೆ ಎರಡು ಪಾಸು. ಒಂದು ವರ್ಷ ಗೋಡೆಯಾಚೆ ಎರಡು ಮನೆಗಳ ನಡುವೆ ನೀರಿನ ವಿಷಯಕ್ಕೆ ಜಗಳ ಹತ್ತಿ ತಲೆ ಒಡೆಯಿತು. ಬಿಡಿಸಲು ಯಾರೂ ಹೋಗಲಿಲ್ಲ. ಯಾರಿಗೂ ಯಾರ ಮಕ್ಕಳೂ ಗೊತ್ತಿರಲಿಲ್ಲ.

ಹತ್ತು ವರ್ಷ ಕಳೆದು, ಹೋದ ತಿಂಗಳು ಸುದ್ದಿ ಬಂತು. ಆಟೋ ಹಿಡಿದು ಹೊಸಕೆರೆಹಳ್ಳಿಗೆ ಹೋದೆ. ಕೊನೆಕೊನೆಗೆ ಪೂರ್ತಿ ಕಣ್ಣು ಹೋಗಿತ್ತಂತೆ. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾಗರಾಜ್ ಇದ್ದರು, ಕೋಲು ಊರಿಕೊಂಡು. ಮುನಿಯಮ್ಮ ಇದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು.

"ಸಾರ್‌ಗೆ ಕಣ್ಣು ಕಾಣಲ್ಲ ಅಂತ ನಂಗೊಬ್ಬನಿಗೇ ಗೊತ್ತಿತ್ತು ಮೇಡಂ," ನಾಗರಾಜ್ ಹೇಳಿದರು. "ಟೇಪ್ ಓದಿ ಓದಿ ಅಂತ ಯಾಕೆ ಬಲವಂತ ಮಾಡ್ತಾರೆ ಅಂತ ಮೊದಲನೇ ವರ್ಷವೇ ಹೊಳೀತು. ಬಾಯಿ ಬಿಡಲಿಲ್ಲ."

"ನಿಮ್ಗೊಬ್ರಿಗೇನಾ?" ಪಕ್ಕದ ಕುರ್ಚಿಯ ಹೂವಿನಾಕೆ ಮೂಗು ಒರೆಸಿಕೊಂಡಳು. "ನಾನೂ ಹಂಗೇ ಅಂದ್ಕೊಂಡಿದ್ದೆ ಸಾಮಿ."

ಅವರು ಒಳಗೆ ಹೋದ ಮೇಲೆ ಮುನಿಯಮ್ಮ ನನ್ನ ಪಕ್ಕಕ್ಕೆ ಸರಿದು ಕೂತಳು.

"ನಮ್ದು ಒಂದು ಲೆಕ್ಕ ಇತ್ತು ಮೇಡಂ. ಎಡಗಡೆಯಿಂದ ಯಾರಾದ್ರೂ ಬಂದ್ರೆ ತೋಳು ಎಳೀತಿದ್ದೆ. ಎಳೀಲಿಲ್ಲ ಅಂದ್ರೆ ಖಾಲಿ ಇದೆ ಅಂತ, ಸಾರ್ ಊದೋರು."

ನಾನು ಆಕೆಯ ಕಡೆ ತಿರುಗಿದೆ. "ನೀನು ಹೋಗಿದ್ದು ಅವರಿಗೆ..."

"ಗೊತ್ತಾಗ್ಲಿಲ್ಲ. ನೀವ್ ಎದುರಿಗಿದ್ರಿ, ಹೆಂಗ್ ಹೇಳ್ಲಿ? ಯಾರ್ಗೂ ಹೇಳಲ್ಲ ಅಂತ ಮಾತ್ ಕೊಟ್ಟಿದ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಮೇಲೆ ಕೇಳಿದ್ರು, ಎಲ್ಲಿಗ್ ಹೋಗಿದ್ದೆ ಮುನಿಯಮ್ಮ ಅಂತ. ಬಾಯಾರಿಕೆ ಆಗಿತ್ತು, ನೀರ್ ಕುಡಿಯಕ್ ಹೋಗಿದ್ದೆ ಸಾರ್ ಅಂದ್ಬಿಟ್ಟೆ."

"ನಾನು ಕಳಿಸಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಕಂಡ್ರೆ ಅವ್ರಿಗೆ ಭಾರಿ ಗೌರವ ಮೇಡಂ. ಅದೂ ಯಾಕ್ ಹೋಗ್ಬೇಕು? ನಂದೇನು, ಆಯಾ."

"ಅವರು ಏನಂದರು?"

"ಏನೂ ಅನ್ಲಿಲ್ಲ. ಆವತ್ತಿಂದ ನನ್ ಹತ್ರ ಮಾತೇ ಆಡ್ಲಿಲ್ಲ. ಹಬ್ಬಕ್ ನಾನ್ ಇಲ್ಲಿಗ್ ಬಂದ್ರೂ ಆಡ್ಲಿಲ್ಲ, ಆಸ್ಪತ್ರೇಲೂ ಆಡ್ಲಿಲ್ಲ."

ಒಳಗೆ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಹೋಗಿ ಅವರಿಗಾದರೂ ಹೇಳಬೇಕೆಂದು ಎದ್ದೆ. ಮುನಿಯಮ್ಮ ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಹಿಡಿಯಲಿಲ್ಲ, ಬಿಡಿಸಿಕೊಂಡಿದ್ದರೆ ಬಿಡಿಸಿಕೊಳ್ಳಬಹುದಿತ್ತು.

"ಈಗ್ಯಾಕೆ ಮೇಡಂ. ಕೂತ್ಕೊಳ್ಳಿ."

ನಾನು ಕೂತೆ.